ಜ್ವರದ ಬಣ್ಣ

ಜೂನ್ 3

ಅಮ್ಮಾವರಿಗೆ ಬಣ್ಣದಕ್ಕನ ನಮಸ್ಕಾರ.

ಈಗ ಮಧ್ಯಾಹ್ನ ಮೂರೂವರೆ. ಬೆಳಿಗ್ಗೆ ಸ್ಟುಡಿಯೋಗೆ ಹೋಗಿ ಮೇಕಪ್ ಕೋಣೆಯ ಬೀಗದ ಕೈ ಒಪ್ಪಿಸಿ ಬಂದೆ. ನನ್ನ ಜಾಗಕ್ಕೆ ಬಂದ ಹುಡುಗಿ ಒಂದೇ ಸ್ಪಂಜಿನಲ್ಲಿ ಮೂರು ಜನರ ಮುಖ ಒರೆಸುತ್ತಿದ್ದಳು. "ಒಗೀಬಾರದೇನಮ್ಮಾ ಇದನ್ನ?" ಅಂದೆ. "ಸಂಜೆಗೆ ಹೇಗೂ ಕೊಳೆಯಾಗುತ್ತಲ್ಲ ಆಂಟಿ" ಅಂದಳು. ಆ ಸ್ಪಂಜಿನ ವಾಸನೆ ಇನ್ನೂ ಮೂಗಿನಲ್ಲೇ ಕೂತಿದೆ. ನಿಮ್ಮ ಮೊದಲ ಚಿತ್ರದಿಂದ ಕೊನೆಯ ಚಿತ್ರದವರೆಗೆ, ಆಮೇಲೆ ನೀವಿಲ್ಲದ ಆರು ವರ್ಷ, ಎಲ್ಲ ಸೇರಿ ಮೂವತ್ತೊಂದು ವರ್ಷ ಕೆಲಸ ಮಾಡಿದ ಕೋಣೆ ಅದು.

ಮನೆಗೆ ಬಂದರೆ ಪಕ್ಕದ ಬೀದಿಯ ಇಬ್ಬರು ಹೆಂಗಸರು ಕಾಯುತ್ತಿದ್ದರು. ನನ್ನ ಮಗಳು ತೀರಿಹೋಗಿ ಹತ್ತು ತಿಂಗಳಾದರೂ ಅವರ ಸಮಾಧಾನ ಮುಗಿದಿಲ್ಲ. ಒಬ್ಬಳು ಕಣ್ಣೊರೆಸಿಕೊಳ್ಳುತ್ತಲೇ, "ಅವಳ ಚಪ್ಪಲಿ ನಮ್ಮ ಹುಡುಗಿ ಕಾಲಿಗೆ ಸರಿಹೋಗಬಹುದೇನೋ" ಅಂದಳು. ಅವರು ಹೋದ ಮೇಲೆ ಅವರು ಕುಡಿದ ಲೋಟಗಳನ್ನು ಎರಡು ಸಲ ತಿಕ್ಕಿದೆ.

ಔಷಧಿ ಲಾರಿಯ ಡ್ರೈವರು ನಿಮ್ಮ ಪತ್ರ ತಂದುಕೊಟ್ಟರು. ನೀವು ಬರೆದದ್ದು ಸರಿ. ನೀವು ಸೇವೆಗೆ ಸೇರಿದ ನಿರಾಶ್ರಿತರ ಶಿಬಿರದಲ್ಲಿ ಔಷಧಿ ಮುಗಿದಿದೆ, ಜ್ವರದ ಮಗುವಿನ ಫೋಟೋ ನೋಡದೆ ಯಾರೂ ಕಳಿಸುವುದಿಲ್ಲ, ಸಾಯುವ ಮಗುವಿನ ಮುಂದೆ ಕ್ಯಾಮೆರಾ ಇಡಲು ನಿಮಗೆ ಮನಸ್ಸಿಲ್ಲ. ಹಾಗಿದ್ದರೆ ಗಟ್ಟಿಮುಟ್ಟಾದ ಮಗುವಿಗೆ ಜ್ವರದ ಬಣ್ಣ ಹಚ್ಚಿ ಫೋಟೋ ತೆಗೆಯುವುದೇ ಮೇಲು. ನಾವಿಬ್ಬರೂ ಜನ್ಮವಿಡೀ ಮಾಡಿದ್ದೂ ಅದನ್ನೇ. ಅದರಿಂದ ಯಾರಿಗೂ ನೋವಾಗಲಿಲ್ಲ.

ಐದು ಡಬ್ಬಿ ಬಣ್ಣ ಕಳಿಸಿದ್ದೇನೆ, ನಂಬರು ಹಾಕಿದ್ದೇನೆ. ಒಂದನೆಯದು ಮುಖಕ್ಕೆಲ್ಲ, ತೆಳ್ಳಗೆ. ಎರಡನೆಯದು ಕಣ್ಣ ಕೆಳಗೆ. ಕಪ್ಪು ಹಚ್ಚಬೇಡಿ, ಕಪ್ಪು ಹಚ್ಚಿದರೆ ಏಟು ತಿಂದ ಹಾಗೆ ಕಾಣುತ್ತದೆ. ಮೂರನೆಯದು ಕೆನ್ನೆಯ ಹಳ್ಳಕ್ಕೆ. ನಾಲ್ಕನೆಯದು ಮೂಗಿನ ಹೊಳ್ಳೆಯ ಅಂಚಿಗೆ, ಒಂದು ಎಳೆ ಕೆಂಪು. ಐದನೆಯದು ತುಟಿಯ ಮೂಲೆಗೆ, ಬೂದಿ ಬಿಳುಪು. ಗ್ಲಿಸರಿನ್ ಹನಿಯನ್ನು ಕೆನ್ನೆಗೆ ಹಾಕಬೇಡಿ, ಕೆನ್ನೆಯ ಮೇಲೆ ಬರುವುದು ಅಳು. ಜ್ವರದ ಬೆವರು ಬರುವುದು ಮೇಲ್ದುಟಿಯ ಮೇಲೆ. ಬಣ್ಣವನ್ನು ಮೇಣದಲ್ಲಿ ಕಲಸಿದ್ದೇನೆ. ಬಿಸಿಲಿಗೆ, ನೀರಿಗೆ ಜಗ್ಗುವುದಿಲ್ಲ.

ಒಟ್ಟು ನಲವತ್ತು ನಿಮಿಷದ ಕೆಲಸ. ನಿಧಾನವಾಗಿ ಮಾಡಿ.

ಬಣ್ಣದಕ್ಕ


ಜೂನ್ 19

ಬಣ್ಣದಕ್ಕಾ,

ನಿನ್ನ ಕೈಗೆ ಶರಣು! ಇದು ನೀನು ನನಗೆ ಮಾಡ್ತಿದ್ದ ಜ್ವರ ಅಲ್ಲವೇ ಅಲ್ಲ. ಆಗೆಲ್ಲ ಕೆನ್ನೆಗೆ ಗುಲಾಬಿ, ಕಣ್ಣಿಗೆ ಕಾಡಿಗೆ, ಸಾಯೋ ಹೊತ್ತಿಗೂ ಮದುಮಗಳ ಹಾಗೆ ಕಾಣ್ತಿದ್ದೆ. ಎಲ್ಲಿ ಕಲಿತೆ ಇದನ್ನ? ಮನೇಲಿ ಕೂತು ಅಭ್ಯಾಸ ಮಾಡ್ತಿದ್ದೀಯ ಅಂತ ಕಾಣುತ್ತೆ. ಒಳ್ಳೇದು. ದುಃಖಕ್ಕೆ ಕೆಲಸಕ್ಕಿಂತ ಮದ್ದಿಲ್ಲ.

ಇಲ್ಲಿ ಎಲ್ಲ ಮಾಮೂಲು. ನೀರೂ ಕಂದು, ಚಹಾನೂ ಕಂದು, ಯಾವುದು ಯಾವುದು ಅಂತ ಲೋಟ ಮುಟ್ಟಿ ನೋಡಿ ತಿಳ್ಕೋಬೇಕು. ನಮ್ಮ ಸಂಸ್ಥೆಯ ಮುಖ್ಯಸ್ಥರು ಬಂದಿದ್ದರು. ಶಿಬಿರಕ್ಕೆ ಕಾಲಿಟ್ಟ ಕೂಡಲೇ ಸೆಂಟು ಹಾಕಿದ ಕರವಸ್ತ್ರ ಮೂಗಿಗೆ ಹಿಡೀತಾರೆ, ಕ್ಯಾಮೆರಾ ಕಂಡರೆ ಮಾತ್ರ ಇಳಿಸ್ತಾರೆ. ನಾವೆಲ್ಲ ಅವರಿಗೆ ಸೆಂಟು ಸಾಹೇಬರು ಅಂತೀವಿ. ಅವರು ಬಂದು ಹೋದ ಮೇಲೆ ಹೇಲುಗುಂಡಿ ವಾಸನೆಯೇ ವಾಸಿ ಅನ್ನಿಸುತ್ತೆ.

ಹದಿನಾಲ್ಕನೇ ತಾರೀಕು ಚಿತ್ರ ತೆಗೆದ್ವಿ. ಏಳು ವರ್ಷದ ಒಂದು ಹುಡುಗಿ, ಎರಡು ಜಡೆ. ಎಲ್ಲರೂ ಎರಡು ಜಡೆ ಅಂತಲೇ ಕರೀತಾರೆ. ಅವಳ ಅಮ್ಮ, ಐದು ತಿಂಗಳ ತಮ್ಮ, ಇಷ್ಟೇ ಜನ. ಅವರ ಭಾಷೆ ಇಲ್ಲಿ ಕಸ ಗುಡಿಸುವಾಕೆ ಒಬ್ಬಳಿಗೆ ಬಿಟ್ಟರೆ ಯಾರಿಗೂ ಬರಲ್ಲ. ಹುಡುಗಿ ನಲವತ್ತು ನಿಮಿಷ ಅಲ್ಲಾಡದೆ ಕೂತಳು. ಕನ್ನಡಿ ತೋರಿಸಿದೆ. ಮೊದಲು ಹೆದರಿದಳು, ಆಮೇಲೆ ಕನ್ನಡಿಗೆ ನಾಲಗೆ ಚಾಚಿದಳು. ಅವಳಮ್ಮ ಬಿದ್ದು ಬಿದ್ದು ನಕ್ಕಳು. ಫೋಟೋ ತೆಗೆಯೋನು ಮಾತ್ರ ಕಣ್ಣೊರೆಸಿಕೊಂಡ.

ಚಿತ್ರ ಮುಗಿದ ಕೂಡಲೇ ಜೀಪು ಬಂತು, ನಗರದಲ್ಲಿ ಮೂರು ದಿನ ಸಭೆ. ಮೊನ್ನೆ ವಾಪಸ್ ಬಂದೆ. ಕೆಲಸ ಜಾಸ್ತಿ, ಮುಂದೆ ಬರೆಯೋಕೆ ಹೊತ್ತಿಲ್ಲ.

ಅಂದಹಾಗೆ, ಆ ಮೇಣದ ಬಣ್ಣ ತೆಗೆಯೋದು ಹೇಗೆ? ಸುಮ್ಮನೆ ಕೇಳಿದೆ.

ನಿನ್ನ
ಅಮ್ಮಾವರು (ನೀನು ಇಟ್ಟ ಹೆಸರೇ!)


ಜೂನ್ 25

ಅಮ್ಮಾವರಿಗೆ,

ಬೆಳಿಗ್ಗೆ ಒಂಬತ್ತು ಗಂಟೆ. ಪತ್ರ ಈಗ ತಾನೇ ಸಿಕ್ಕಿತು. ಡ್ರೈವರನ್ನು ಬಾಗಿಲಲ್ಲೇ ನಿಲ್ಲಿಸಿಕೊಂಡು ಬರೆಯುತ್ತಿದ್ದೇನೆ.

ಇಂಥದ್ದನ್ನು ಯಾರೂ ಸುಮ್ಮನೆ ಕೇಳುವುದಿಲ್ಲ. ನೀರಿಗೆ ಹೋಗುವುದಿಲ್ಲ, ಸೋಪಿಗೂ ಹೋಗುವುದಿಲ್ಲ. ಅಂಗೈ ತುಂಬ ಎಣ್ಣೆ ಹಚ್ಚಿ, ನೂರು ಎಣಿಸಿ, ಹತ್ತಿಯಲ್ಲಿ ಮೇಲಿನಿಂದ ಕೆಳಕ್ಕೆ ಒರೆಸಬೇಕು.

ಇದನ್ನು ನಾನು ಮೊದಲೇ ಬರೆಯಬೇಕಿತ್ತು. ಹಚ್ಚುವುದನ್ನು ಇಂಚಿಂಚು ಬರೆದೆ, ತೆಗೆಯುವುದನ್ನು ಬರೆಯಲೇ ಇಲ್ಲ. ಶೂಟಿಂಗ್ ಮುಗಿದು ಪ್ಯಾಕಪ್ ಆದ ಮೇಲೆ ನೀವು ಕಣ್ಣು ಮುಚ್ಚಿ ಕುರ್ಚಿಗೆ ಒರಗುತ್ತಿದ್ದಿರಿ, ನಾನು ತೆಗೆಯುತ್ತಿದ್ದೆ. ಒಂದು ದಿನವೂ ನೀವಾಗಿ ತೆಗೆದವರಲ್ಲ, ನಾನು ತೆಗೆಯಲು ಬಿಟ್ಟವಳೂ ಅಲ್ಲ. ಬಣ್ಣ ಇದ್ದಲ್ಲಿ ನಾನೂ ಇರುತ್ತೇನೆ ಎಂದೇ ನನ್ನ ತಲೆಯಲ್ಲಿ ಕೂತಿದೆ.

ಮಗುವಿನ ಮುಖದ ಮೇಲೆ ಅದು ಎಷ್ಟು ಹೊತ್ತು ಇತ್ತು? ಚರ್ಮ ಕಿತ್ತುಬಂತೇ? ಮಗು ಹೇಗಿದೆ? ಒಂದು ಸಾಲು ಬರೆದರೂ ಸಾಕು.

ಎಲ್ಲಿ ಕಲಿತೆ ಎಂದು ಕೇಳಿದ್ದೀರಿ. ಅಭ್ಯಾಸವೇ ಅನ್ನಿ.

ಬಣ್ಣದಕ್ಕ


ಜುಲೈ 11

ಮೇಡಂ ಅವರಿಗೆ,

ಸಂಜೆ ಐದು ಗಂಟೆ. ನಿಮ್ಮಿಂದ ಪತ್ರವಿಲ್ಲ. ಆ ಡ್ರೈವರ ಲಾರಿ ಎರಡು ಸಲ ಬಂದು ಹೋಯಿತು. "ಮೇಡಂ ಏನೂ ಕೊಡಲಿಲ್ಲಮ್ಮ" ಎಂದು ಹೇಳಿ ಡ್ರೈವರು ನನ್ನ ಮುಖ ನೋಡದೆ ಗಾಡಿ ಹತ್ತಿದರು.

ಇವತ್ತು ಬಸ್ ನಿಲ್ದಾಣಕ್ಕೆ ಹೋಗಿದ್ದೆ. ಟಿಕೆಟ್ ಕಿಟಕಿಯ ಪಕ್ಕದ ಕಂಬಕ್ಕೆ ನಿಮ್ಮ ಸಂಸ್ಥೆಯ ಪೋಸ್ಟರು ಅಂಟಿಸಿದ್ದಾರೆ. ಆಳೆತ್ತರ ಇದೆ. ಮಗುವಿನ ಮುಖ, ಹಿಂದೆ ಮಬ್ಬಾಗಿ ನಿಮ್ಮ ಮುಖ. ಕೆಳಗೆ ದಪ್ಪ ಅಕ್ಷರದಲ್ಲಿ, "ವೈದ್ಯರಿಗೂ ಮೊದಲು ಈ ಜ್ವರವನ್ನು ಕಂಡದ್ದು ಒಬ್ಬ ತಾರೆಯ ತಾಯಿಕಣ್ಣು." ಯಾರೋ ಮಗುವಿನ ಗಲ್ಲದ ಮೇಲೆ ಎಂಜಲು ಉಗಿದಿದ್ದರು. ಅದು ಇಳಿದು ಆ ಅಕ್ಷರಗಳ ಮೇಲೆ ಒಣಗಿತ್ತು. ನನಗೆ ಎಂಜಲಿಗಿಂತ ಆ ಅಕ್ಷರವೇ ಹೆಚ್ಚು ಕೊಳಕಾಗಿ ಕಂಡಿತು.

ಯಾವ ಜ್ವರ ಕಂಡಿರಿ ಮೇಡಂ? ಎರಡನೇ ಡಬ್ಬಿಯದೋ, ಐದನೇ ಡಬ್ಬಿಯದೋ?

ಈಗ ಹೇಳಿಬಿಡುತ್ತೇನೆ. ಸೆಟ್ಟಿನಲ್ಲಿ ನಾನು ಕಂಟಿನ್ಯೂಟಿ ಪುಸ್ತಕ ಬರೆಯುತ್ತಿದ್ದುದು ನಿಮಗೆ ಗೊತ್ತು. ಈ ಶಾಟಿನಲ್ಲಿ ಕಣ್ಣ ಕೆಳಗೆ ಎಷ್ಟು ನೆರಳು, ತುಟಿ ಯಾವ ಬಣ್ಣ, ನಾಳೆ ಅದೇ ಮುಖ ಮತ್ತೆ ಬರಬೇಕಲ್ಲ. ಮಗಳು ಜ್ವರದಿಂದ ಆಸ್ಪತ್ರೆಯಲ್ಲಿದ್ದ ಹದಿನೇಳು ದಿನವೂ ನಾನು ಮಂಚದ ಪಕ್ಕ ಕೂತು ಅದನ್ನೇ ಬರೆದೆ. ಬೇಕೆಂದು ಬರೆದದ್ದಲ್ಲ. ಕೈಗೆ ಬೇರೆ ಕೆಲಸ ತಿಳಿಯಲಿಲ್ಲ. ನಾಲ್ಕನೇ ದಿನ ಹೊಳ್ಳೆಯ ಅಂಚು ಕೆಂಪು. ಒಂಬತ್ತನೇ ದಿನ ತುಟಿಯ ಮೂಲೆ ಬೂದಿ. ನಿಮಗೆ ಕಳಿಸಿದ್ದು ಹದಿಮೂರನೇ ದಿನದ ಮುಖ.

ನನ್ನ ಹತ್ತೊಂಬತ್ತು ವರ್ಷದ ಮಗಳ ಮುಖವನ್ನು ಡಬ್ಬಿಯಲ್ಲಿ ತುಂಬಿ ನಾನೇ ಕಳಿಸಿದೆ. ಯಾರಿಗಾದರೂ ಉಪಯೋಗಕ್ಕೆ ಬರಲಿ ಎಂದುಕೊಂಡೆ. ನೀವು ದುಃಖಕ್ಕೆ ಮದ್ದು ಎಂದು ಬರೆದಿರಿ. ಈಗ ಅದರ ಮೇಲೆ ಜನ ಉಗಿಯುತ್ತಿದ್ದಾರೆ. ನನ್ನ ಕೈಯ ಮೇಲೇ ನನಗೆ ಅಸಹ್ಯ.

ಆ ಮಗು ಎಲ್ಲಿದೆ?


ಜುಲೈ 18

ಅಕ್ಕಾ,

ಎರಡು ಜಡೆ ಇಲ್ಲ. ಜೂನ್ ಇಪ್ಪತ್ತೊಂಬತ್ತಕ್ಕೆ ಹೋದಳು.

ಸುತ್ತಿ ಬಳಸಿ ಬರೆದರೆ ನೀನು ಹರಿದು ಹಾಕ್ತೀಯ. ಇದ್ದದ್ದು ಇದ್ದ ಹಾಗೆ ಬರೀತೀನಿ.

ಹದಿನಾಲ್ಕನೇ ತಾರೀಕು ಚಿತ್ರ ಮುಗೀತು. ಸೆಂಟು ಸಾಹೇಬರು ಜೀಪಿನಿಂದ ಹಾರನ್ ಹೊಡೀತಿದ್ದರು. ಒದ್ದೆ ಬಟ್ಟೇಲಿ ಹುಡುಗಿ ಮುಖ ಒರೆಸಿದೆ, ಹೋಗಲಿಲ್ಲ. "ಸ್ನಾನ ಮಾಡಿಸು, ಹೋಗುತ್ತೆ" ಅಂತ ಅವಳಮ್ಮನಿಗೆ ಕೈಸನ್ನೆ ಮಾಡಿ ಜೀಪು ಹತ್ತಿದೆ. ಅಷ್ಟೇ ಅಕ್ಕಾ ನಾನು ಮಾಡಿದ್ದು. ಆವತ್ತು ನೀರು ಬಂದಿರಲಿಲ್ಲ. ಹುಡುಗಿ ಡೇರೆ ನೆರಳಲ್ಲಿ ಮಲಗಿ ನಿದ್ದೆಹೋದಳು.

ಇಲ್ಲಿ ಜ್ವರ ಬಂದವರಿಗೆ ಬೇರೆ ಶೆಡ್ಡು ಇದೆ. ಡೇರೆಗಳ ನಡುವೆ ಸುತ್ತು ಬರುವಾಗ ಅಂಥ ಮುಖ ಕಂಡರೆ ಮೊದಲು ಒಳಗೆ ಹಾಕು, ಆಮೇಲೆ ಕೇಳು, ಇದು ನಿಯಮ. ಇಡೀ ಶಿಬಿರಕ್ಕೆ ಥರ್ಮಾಮೀಟರು ಎರಡೇ ಇರೋದು. ಡಾಕ್ಟರು ಹುಡುಗಿನ ಒಂದು ಸಲ ನೋಡಿದರು, ಕೈ ತೋರಿಸಿದರು, ಆಳುಗಳು ಎತ್ತಿಕೊಂಡು ಹೋದರು. ಅವಳಮ್ಮ ಹಿಂದೆ ಓಡಿಹೋಗಿ ತನ್ನ ಕೆನ್ನೆ ತಿಕ್ಕಿ ತಿಕ್ಕಿ ತೋರಿಸಿದಳಂತೆ. ಅವಳ ಮಾತು ಬರೋ ಕಸ ಗುಡಿಸುವಾಕೆ ಆವತ್ತಿಂದ ಮೂರು ದಿನ ರಜ. ಶೆಡ್ಡಿನ ಆಯಾ ನೀರಲ್ಲಿ ಮುಖ ಒರೆಸಿದಳು, ಬಣ್ಣ ಜಗ್ಗಲಿಲ್ಲ. ಜ್ವರದವರ ಮಧ್ಯೆ ಮೂರು ದಿನ ಇದ್ದಳು. ನಾನು ವಾಪಸ್ ಬಂದ ಹೊತ್ತಿಗೆ ಥರ್ಮಾಮೀಟರು ನೂರ ಮೂರು ತೋರಿಸ್ತಿತ್ತು. ನಿಜವಾದ ಜ್ವರ. ಮೇಲೆ ನಾನು ಹಚ್ಚಿದ್ದು, ಕೆಳಗೆ ಅದೇ ಬಣ್ಣ ಬಂದಿತ್ತು. ಎಣ್ಣೆ ಹಚ್ಚಬೇಕು ಅಂತ ನಿನ್ನ ಪತ್ರ ಬಂದಾಗ ನೂರು ಎಣಿಸಿ ತೆಗೆದೆ. ಏನೂ ವ್ಯತ್ಯಾಸ ಕಾಣಲಿಲ್ಲ.

ಆಮೇಲೆ ಆದದ್ದೇ ಇನ್ನೂ ಕೊಳಕು. ಚಿತ್ರ ಹೊರಗೆ ಹೋಯಿತು, ಔಷಧಿ ಲಾರಿ ವಾರಕ್ಕೆ ನಾಲ್ಕು ಬರೋಕೆ ಶುರುವಾಯಿತು. ಜುಲೈ ಐದರವರೆಗೆ ನಾನು ಬಾಯಿ ಬಿಡಲಿಲ್ಲ. ಲಾರಿ ಬಂದಾಗಲೆಲ್ಲ ಇನ್ನೊಂದು ದಿನ ಸುಮ್ಮನಿರೋಣ ಅಂದ್ಕೊಂಡೆ. ಆ ಮಾತ್ರೆಯಿಂದ ಬದುಕಿದವರೂ ಇದ್ದಾರೆ, ನಾನು ಎಣಿಸಿದ್ದೀನಿ. ಎಣಿಸಿದ್ದಕ್ಕೂ ನಾಚಿಕೆ ಆಗುತ್ತೆ.

ಡಾಕ್ಟರು ಕಾಗದದಲ್ಲಿ ಬರೆದದ್ದು ಏನು ಗೊತ್ತಾ? "ತಾಯಿ ಜ್ವರ ಮುಚ್ಚಿಟ್ಟಿದ್ದಳು." ಜ್ವರ ಮುಚ್ಚಿಟ್ಟವರ ಹತ್ತಿರ ಬೇರೆ ಮಕ್ಕಳನ್ನ ಇಲ್ಲಿ ಬಿಡಲ್ಲ. ಆ ಐದು ತಿಂಗಳ ಕೂಸನ್ನ ಗೇಟಿನಾಚೆಯ ಶಿಶುಗೃಹಕ್ಕೆ ಹಾಕಿದ್ದಾರೆ. ಆಗಸ್ಟ್ ಎರಡು, ಸಂಜೆ ನಾಲ್ಕಕ್ಕೆ ಶಿಬಿರದ ಸಮಿತಿ ಕೂರುತ್ತೆ. ದೂರದ ಅನಾಥಾಲಯಕ್ಕೆ ಕಳಿಸೋದು ಅಂತ ಈಗಾಗಲೇ ಮಾತಾಗಿದೆ. ಹೋದರೆ ಆ ತಾಯಿಗೆ ಕೂಸು ಮತ್ತೆ ಸಿಗಲ್ಲ.

ಜುಲೈ ಐದಕ್ಕೆ ಸಾಹೇಬರಿಗೂ ಡಾಕ್ಟರಿಗೂ ಹೇಳಿದೆ, ಎಲ್ಲ ಹೇಳಿದೆ. ಸೆಂಟು ಸಾಹೇಬರು ಬೆನ್ನು ತಟ್ಟಿದರು. "ಮೇಡಂ, ದುಃಖದಲ್ಲಿ ತಪ್ಪನ್ನ ಮೈಮೇಲೆ ಎಳ್ಕೊಳ್ಳೋದು ಮನುಷ್ಯ ಸಹಜ. ನೀವು ಕಲಾವಿದೆ, ಒಂಚೂರು ಜಾಸ್ತಿ." ಡಾಕ್ಟರಿಗೆ ಕೋಪ ಬಂತು. "ಇಪ್ಪತ್ತೆರಡು ವರ್ಷ ಜ್ವರ ನೋಡಿದ್ದೀನಿ. ಸಿನಿಮಾ ಬಣ್ಣಕ್ಕೂ ಜ್ವರಕ್ಕೂ ವ್ಯತ್ಯಾಸ ಗೊತ್ತಾಗದಷ್ಟು ಕುರುಡನಾ ನಾನು?" ಈಗಲೂ ದಿನಾ ಮಧ್ಯಾಹ್ನ ಎರಡರಿಂದ ಮೂರರವರೆಗೆ ಗೇಟಿನಲ್ಲಿ ಕೂತು ಹೊಸಬರ ಮುಖ ನೋಡಿ, ಜ್ವರ ಇದೆಯೋ ಇಲ್ಲವೋ ಅಂತ ಚೀಟಿ ಬರೀತಾರೆ. ಡಬ್ಬಿಗಳನ್ನ ತೋರಿಸೋಣ ಅಂದರೆ ಸಾಹೇಬರ ಆಳು ಕೋಣೆ ಗುಡಿಸೋ ನೆಪದಲ್ಲಿ ಎತ್ತಿಕೊಂಡು ಹೋಗಿದ್ದಾನೆ.

ನಿನ್ನ ಮಗಳ ಮುಖ ಅಂತ ನನಗೆ ಗೊತ್ತಿರಲಿಲ್ಲ. ಅವಳು ಹೋದಾಗ ನಾನು ಬರಲಿಲ್ಲ. ಬರೀ ಹೂವು ಕಳಿಸಿದೆ. ಬಂದಿದ್ದರೆ ಗುರುತು ಹಿಡೀತಿದ್ದೆ.

ನೀವು ಬನ್ನಿ ಅಕ್ಕಾ. ನೀವು ಬಂದು ನನ್ನ ಮುಖಕ್ಕೆ ಅದೇ ಬಣ್ಣ ಹಚ್ಚಿ ಸಮಿತಿಗೆ ತೋರಿಸಿ.


ಜುಲೈ 23

ಮೇಡಂ,

ಹನ್ನೊಂದು ಗಂಟೆ. ಬೆಳಗಿನಿಂದ ಏನೂ ಮಾಡಲಿಲ್ಲ.

ನಾನು ಬರುವುದಿಲ್ಲ. ಆ ಮುಖವನ್ನು ಇನ್ನೊಂದು ಸಲ ಮಾಡಲು ನನ್ನಿಂದ ಆಗದು. ನಿಮ್ಮ ಮುಖದ ಮೇಲಂತೂ ಸಾಧ್ಯವೇ ಇಲ್ಲ. ನಿಮ್ಮನ್ನು ಕೂರಿಸಿ ಹಚ್ಚಿದರೆ ಅಲ್ಲಿದ್ದವರೆಲ್ಲ ಎಷ್ಟು ಚೆನ್ನಾಗಿದೆ ಎನ್ನುತ್ತಾರೆ, ಸಾಹೇಬರು ಇನ್ನೊಂದು ಫೋಟೋ ತೆಗೆಸುತ್ತಾರೆ, ಡಾಕ್ಟರು ನನಗೆ ಮೊದಲೇ ಗೊತ್ತಿತ್ತು ಎನ್ನುತ್ತಾರೆ. ಎದುರಿಗೇ ಹಚ್ಚಿ ತೋರಿಸಿದ ಬಣ್ಣಕ್ಕೆ ಯಾರು ತಾನೇ ಮೋಸ ಹೋಗುತ್ತಾರೆ?

ಮೂವತ್ತೊಂದು ವರ್ಷ ನನ್ನನ್ನು ನೀನು ಎಂದವರು ಈಗ ನೀವು ಎನ್ನಬೇಡಿ. ಬೇಕಾದಾಗ ಏರಿಸುವ ಮರ್ಯಾದೆ ನನಗೆ ಬೇಡ.


ಜುಲೈ 28

ಅಕ್ಕಾ,

ನೀನು ಹೇಳಿದ್ದು ಸರಿ. ಬರಬೇಡ. ನಾನು ಒಬ್ಬಳೇ ಸಮಿತಿಯ ಮುಂದೆ ಮತ್ತೆ ಹೇಳ್ತೀನಿ. ನಂಬಲ್ಲ, ಆದರೂ ಹೇಳ್ತೀನಿ.

ಯಾರಿಗಾದರೂ ಹೇಳದೆ ಇರೋಕೆ ಆಗ್ತಿಲ್ಲ, ಅದಕ್ಕೆ ಇದನ್ನ ಬರೀತಿದ್ದೀನಿ. ಆ ತಾಯಿ ದಿನಾ ಬೆಳಿಗ್ಗೆ ಎದೆಹಾಲು ಬಟ್ಟಲಿಗೆ ಹಿಂಡಿ ಶಿಶುಗೃಹದ ಗೇಟಿನ ಹತ್ತಿರ ತಂದಿಡ್ತಾಳೆ. ಒಳಗೆ ತಗೊಳ್ಳೋ ಹಾಗಿಲ್ಲವಂತೆ, ನಿಯಮ. ಮಧ್ಯಾಹ್ನದ ಹೊತ್ತಿಗೆ ಬಟ್ಟಲಿಗೆ ಇರುವೆ ಮುತ್ತಿರುತ್ತೆ. ಸಂಜೆ ಬಂದು ಬಟ್ಟಲು ತೊಳ್ಕೊಂಡು ಹೋಗ್ತಾಳೆ. ಮತ್ತೆ ಬೆಳಿಗ್ಗೆ ತರ್ತಾಳೆ. ಇವತ್ತು ಬಟ್ಟಲಲ್ಲಿ ಒಂದು ಗುಟುಕಿನಷ್ಟೂ ಇರಲಿಲ್ಲ.


ಆಗಸ್ಟ್ 1

ಅಮ್ಮಾವರಿಗೆ,

ಮಧ್ಯಾಹ್ನ ಎರಡು ಗಂಟೆ. ಆ ಬಟ್ಟಲಿನ ವಿಷಯ ಬರೆದ ನಿಮ್ಮ ಪತ್ರ ನಿನ್ನೆ ಸಿಕ್ಕಿತು. ಇವತ್ತು ಬೆಳಿಗ್ಗೆ ಹತ್ತಕ್ಕೆ ಕನ್ನಡಿಯನ್ನು ಕಿಟಕಿಯ ಬೆಳಕಿಗೆ ತಿರುಗಿಸಿ ಕೂತೆ. ಕಂಟಿನ್ಯೂಟಿ ಪುಸ್ತಕ ತೆರೆದು, ಹದಿಮೂರನೇ ದಿನದ ಪುಟ ನೋಡಿ ಐದೂ ಬಣ್ಣ ಹೊಸದಾಗಿ ಕಲಸಿದೆ. ನನ್ನ ಮುಖಕ್ಕೇ ಹಚ್ಚಿಕೊಂಡೆ.

ಮಹಡಿಯ ಮೇಲಿನ ಟೈಲರು ಇಸ್ತ್ರಿಪೆಟ್ಟಿಗೆ ಕೇಳಲು ಬಂದರು. ಬಾಗಿಲು ತೆಗೆದದ್ದೇ ತಡ, ಮೂಗಿಗೆ ತೋಳು ಅಡ್ಡ ಹಿಡಿದು ನಾಲ್ಕು ಮೆಟ್ಟಿಲು ಹಿಂದಕ್ಕೆ ಹೋದರು. "ಅಯ್ಯೋ ಅಕ್ಕೋರೇ, ಯಾವಾಗಿಂದ ಇದು? ಆಸ್ಪತ್ರೆಗೆ ಹೋಗಿ ಮೊದಲು, ಆಮೇಲೆ ಕೊಡೋರಂತೆ ಇಸ್ತ್ರಿಪೆಟ್ಟಿಗೆ!" ಅಂದರು. ಎರಡು ವರ್ಷದಿಂದ ದಿನಾ ನನ್ನ ಮುಖ ನೋಡುವ ಮನುಷ್ಯ ಅವರು. ನಿಮ್ಮ ಡಾಕ್ಟರು ನನ್ನನ್ನು ಒಂದು ಸಲವೂ ನೋಡಿಲ್ಲ.

ಆಮೇಲೆ ಮತ್ತೆ ಕನ್ನಡಿ ನೋಡಿದೆ. ಮೂಗು, ದವಡೆ ಎಲ್ಲ ಅವಳಿಗೆ ನನ್ನದೇ ಬಂದಿತ್ತು. ಅದರ ಬಗ್ಗೆ ಇದಕ್ಕಿಂತ ಹೆಚ್ಚು ಬರೆಯಲಾರೆ. ಎಣ್ಣೆ ಹಚ್ಚಿ ತೆಗೆದೆ.

ಈಗ ಮಾಡಬೇಕಾದದ್ದನ್ನು ಹೇಳುತ್ತೇನೆ, ಸರಿಯಾಗಿ ಕೇಳಿ. ನಾಳೆ ನಾನು ಬರುತ್ತಿರುವುದು ಯಾರಿಗೂ ತಿಳಿಯಬಾರದು. ಬಸ್ಸು ನಿಮ್ಮ ಶಿಬಿರದ ಹಿಂದಿನ ನಿಲ್ದಾಣ ಮುಟ್ಟುವುದು ಒಂದು ಗಂಟೆಗಂತೆ. ಅಲ್ಲಿ ನೀರಿನ ಟ್ಯಾಂಕಿನ ಹಿಂದೆ ನೆರಳಿದೆ, ಜನ ಬರುವುದಿಲ್ಲ ಎಂದು ಡ್ರೈವರು ಹೇಳಿದರು. ಅಲ್ಲೇ ಬಣ್ಣ ಹಚ್ಚಿಕೊಳ್ಳುತ್ತೇನೆ, ನಲವತ್ತು ನಿಮಿಷ ಸಾಕು. ಎರಡೂಕಾಲಿಗೆ ಹೊಸಬರ ಸಾಲಿನಲ್ಲಿ ನಿಂತಿರುತ್ತೇನೆ. ನೀವು ನನ್ನನ್ನು ಕಂಡರೂ ಕಾಣದ ಹಾಗೆ ಇರಬೇಕು. ಅಷ್ಟು ನಟನೆ ನಿಮಗೆ ಬರುತ್ತದೆ. ಡಾಕ್ಟರು ಮುಖ ನೋಡಿ ಚೀಟಿ ಬರೆಯಲಿ, ಸಹಿ ಹಾಕಲಿ. ಚೀಟಿ ನನ್ನ ಕೈಗೆ ಬಂದ ಮೇಲೆ ಶೆಡ್ಡಿನ ಕಡೆ ಒಂದು ಹೆಜ್ಜೆಯನ್ನೂ ಇಡುವುದಿಲ್ಲ. ಎಳೆದರೆ ಕೂಗುತ್ತೇನೆ. ನನ್ನ ಭಾಷೆ ಅವರಿಗೆ ಅರ್ಥವಾಗುತ್ತದೆ.

ಆಗ ನೀವು ಬಂದು ನನ್ನನ್ನು ಸಮಿತಿಯ ಕೋಣೆಗೆ ಕರೆದುಕೊಂಡು ಹೋಗಿ. ಆ ತಾಯಿಯನ್ನು ಮೊದಲೇ ಅಲ್ಲಿ ಕೂರಿಸಿರಬೇಕು, ಕಸ ಗುಡಿಸುವಾಕೆ ಅವಳ ಪಕ್ಕದಲ್ಲೇ ಇರಬೇಕು. ಚೀಟಿಯನ್ನು ಮೇಜಿನ ಮೇಲಿಟ್ಟು, ಎಲ್ಲರ ಎದುರಿಗೆ ಎಣ್ಣೆ ಹಚ್ಚಿ ನೂರು ಎಣಿಸಿ ಒರೆಸುತ್ತೇನೆ. ಡಾಕ್ಟರ ಕೈಬರಹದ ಮೇಲೆ ಡಾಕ್ಟರೇ ಏನು ಹೇಳುತ್ತಾರೋ ನೋಡೋಣ. ನಿಮ್ಮ ಪತ್ರಗಳನ್ನೂ ತರುತ್ತೇನೆ. ಅವುಗಳಲ್ಲಿ ನಿಮಗೆ ಮರ್ಯಾದೆ ತರುವಂಥದ್ದು ಹೆಚ್ಚೇನೂ ಇಲ್ಲ. ಆದರೂ ಓದುತ್ತೇನೆ. ನನ್ನ ಪತ್ರಗಳನ್ನು ನೀವು ತನ್ನಿ, ಅವನ್ನೂ ಓದುತ್ತೇನೆ, ತೆಗೆಯುವುದನ್ನು ಬರೆಯದೆ ಬಿಟ್ಟದ್ದನ್ನೂ ಸೇರಿಸಿ.

ಕೂಸು ತಾಯಿಯ ಕೈಗೆ ಬಂದರೆ ನಾನು ಅದೇ ದಿನ ವಾಪಸ್. ಬರದಿದ್ದರೆ ಅಲ್ಲೇ ಗೇಟಿನ ಹತ್ತಿರ ಕೂರುತ್ತೇನೆ. ನಿಮ್ಮನ್ನು ಕ್ಷಮಿಸಿದ್ದೇನೋ ಇಲ್ಲವೋ ನನಗೆ ಗೊತ್ತಿಲ್ಲ. ಕೇಳಬೇಡಿ.

ಈ ಪತ್ರ ಇವತ್ತಿನ ಲಾರಿಯಲ್ಲಿ ಹೋಗುತ್ತದೆ, ನನಗಿಂತ ಮೊದಲು ನಿಮಗೆ ಸಿಗುತ್ತದೆ. ನಾಳೆ ಬಸ್ಸು ಬೆಳಿಗ್ಗೆ ಆರೂ ನಲವತ್ತಕ್ಕೆ. ಹಿಂದಿನ ಸಾಲಿನಲ್ಲಿ ಸೀಟು ಸಿಕ್ಕಿದೆ.

ಬಣ್ಣದಕ್ಕ